ಬರೀ ಅನ್ನ ಅಂದವನು

ಪ್ರಾಣಿ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ನಮ್ಮ ಬೀದಿಯ ಕಟುಕನೂ ಅವನ ಅಕ್ಕನೂ ಕೂತಿದ್ದರು. ಅವನ ಮಡಿಲಲ್ಲಿ ಹಿಂಗಾಲು ಸೆಟೆದ ನಾಯಿಮರಿ.

"ಬಿದ್ದು ಪೆಟ್ಟಾಗಿದೆ ಅಂದಿದ್ರಲ್ಲೋ ಡಾಕ್ಟ್ರು?"

"ಈಗ ರಕ್ತ ನೋಡಿದ್ರಕ್ಕ. ನರಕ್ಕೆ ಕಣ್ಣಿಗೆ ಕಾಣದ ಹುಳ ಸೇರಿದೆಯಂತೆ. ಹಸಿ ಮಾಂಸದಿಂದ ಬರುತ್ತಂತೆ."

"ಏನು ಹಾಕ್ತೀರಿ ಅಂತ ಹೋದ ಸಲ ಕೇಳ್ಲಿಲ್ವಾ?"

"ಕೇಳಿದ್ರು. ಬರೀ ಅನ್ನ ಅಂದೆ."

"ಅಯ್ಯೋ ಪಾಪಿ, ಯಾಕೋ?"

"ನಮ್ಮ ಗಿರಾಕಿಗಳು ಇಲ್ಲೇ ಪಕ್ಕದಲ್ಲಿ ಕೂತಿದ್ರು. ನಮ್ಮ ಮಾಂಸ ತಿಂದೇ ಮರಿ ಕೆಟ್ಟಿತು ಅಂದ್ಕೊಂಡ್ರೆ?"

"ಅಂಗಡಿ ಮಾನ ಉಳೀತು ಬಿಡು. ಇದರ ಕಾಲು?"

"ಆಗಲೇ ಔಷಧ ಬಿದ್ದಿದ್ರೆ ನಡೀತಿತ್ತೇನೋ. ಈಗ ಹೇಳೋಕಾಗಲ್ಲ ಅಂದ್ರು."

"ಈಗಲಾದ್ರೂ ನಿಜ ಹೇಳಿದ್ಯಾ?"

"ಇಲ್ಲ."

ಕಾಂಪೌಂಡರ್ ಕರೆದ. ಕಟುಕ ಎದ್ದು, ಹಳೇ ಗಿರಾಕಿಯಾದ ನನ್ನನ್ನು ಕಂಡು ತಲೆ ತಗ್ಗಿಸಿದ. ಆದರೂ ಎಲ್ಲರಿಗೂ ಕೇಳುವಂತೆ, "ಹಸಿ ಮಾಂಸ ಹಾಕಿದ್ದು ನಾನೇ ಸ್ವಾಮಿ, ನನ್ನ ಅಂಗಡೀದೇ" ಅಂದು, ಮರಿಯನ್ನು ಎದೆಗವಚಿಕೊಂಡು ಒಳಗೆ ಹೋದ.