ಜೋಪಾನವಾಗಿಟ್ಟದ್ದು

ತೀವ್ರ ನಿಗಾ ಘಟಕದಲ್ಲಿ ಭೇಟಿ ಆರಂಭವಾಗುವುದು ಬೆಳಿಗ್ಗೆ ಹನ್ನೊಂದಕ್ಕೆ; ಮೊದಲು ಒಂದನೆಯ ಹಾಸಿಗೆಯವರು, ಅನಂತರ ಎರಡನೆಯವರು. ತಮ್ಮನನ್ನು ನೋಡಲು ಮೂರನೆಯ ಸರದಿಗೆ ಕಾದು ಕುಳಿತಿದ್ದ ದರ್ಜಿಗೆ, ಬಾಗಿಲ ಬಳಿ ನರ್ಸ್ ಒಬ್ಬ ವೃದ್ಧೆಯೊಡನೆ ಆಡುತ್ತಿದ್ದ ಮಾತು ಸ್ಪಷ್ಟವಾಗಿ ಕೇಳಿಸಿತು.

“ಅಮ್ಮಾ, ಯಜಮಾನ್ರಿಗೆ ನಿದ್ದೆ ಔಷಧಿ ನಿಲ್ಲಿಸಿ ಎರಡು ದಿನ ಆಯ್ತು. ಕಣ್ಣು ಬಿಡ್ತಾರೆ, ಆದ್ರೆ ಕೈ ಎತ್ತಿ ಅಂದ್ರೆ ಎತ್ತಲ್ಲ. ಮೆದುಳಿಗೆ ಪೆಟ್ಟಾಗಿರಬಹುದು ಅಂತ ಡಾಕ್ಟರಿಗೆ ಅನುಮಾನ.”

“ಕೈ ಎತ್ತಿ ಅಂತ ಜೋರಾಗಿ ಹೇಳಿದ್ರಾ?”

“ಎಲ್ಲರಿಗೂ ಹೇಳೋ ಹಾಗೇ ಹೇಳ್ದೆ.”

“ಅದು ಅವರಿಗೆಲ್ಲಿ ಕೇಳುತ್ತೆ ತಾಯಿ? ಮಿಷನ್ ಇಲ್ಲದಿದ್ರೆ ಗುಡುಗಿದ್ರೂ ಗೊತ್ತಾಗಲ್ಲ. ನಾನು ಬೈಯೋಕೆ ಶುರು ಮಾಡಿದ್ರೆ ಮೊದಲು ಅದನ್ನೇ ತೆಗೆದಿಡ್ತಾರೆ.”

“ಯಾವ ಮಿಷನ್?”

“ಕಿವೀದು. ಸೇರಿಸಿದ ದಿನ ಉಂಗುರ, ವಾಚಿನ ಜೊತೆ ಇಲ್ಲಿಯವರೇ ಕವರಲ್ಲಿ ಹಾಕಿ ಕೊಟ್ರಲ್ಲ? ಕಳೆದುಹೋದೀತು ಅಂತ ಎಂಟು ದಿನದಿಂದ ಚೀಲದಲ್ಲಿ ಜೋಪಾನವಾಗಿ ಇಟ್ಕೊಂಡಿದೀನಿ.”

ನರ್ಸ್ ಬಾಗಿಲು ತೆರೆದು ಹಿಡಿದಳು.

“ಬನ್ನಿ ಅಮ್ಮಾ. ನೀವೇ ಹಾಕಿ.”

“ಇನ್ನೂ ಹನ್ನೊಂದಾಗಿಲ್ವಲ್ಲ?”

“ಪರವಾಗಿಲ್ಲ, ಬನ್ನಿ.”

ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಹೊರಗುಳಿದ ದರ್ಜಿಗೆ ಒಂದು ಸಂಗತಿ ಖಚಿತವಾಯಿತು: ಎಂಟು ದಿನಗಳಿಂದ ಆ ಮನುಷ್ಯನಿಗೆ ಯಾರ ದನಿಯೂ ಕೇಳಿಸಿರಲಿಲ್ಲ.