ಕಂಬದ ಪಕ್ಕದ ಜಾಗ

ಕಟ್ಟುಕತೆ ಅಲ್ಲ ಇದು. ನಮ್ಮ ಚಿಕ್ಕಪ್ಪನ ಮಗ, ಟೈಲರ್, ಅವನಿಗೇ ಆದದ್ದು.

ಅವನ ಹೆಂಡತಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಳು. ಮೂರು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ‘ಇನ್ನು ನಮ್ಮ ಕೈಲಿ ಏನೂ ಇಲ್ಲ’ ಅಂದುಬಿಟ್ಟಿದ್ದರು ಡಾಕ್ಟರು. ಶನಿವಾರ ರಾತ್ರಿ, ಹೊದಿಕೆ ತರಲು ಒಬ್ಬನೇ ಮನೆಗೆ ಹೊರಟಿದ್ದ. ಚರ್ಚಿನ ಹಿಂದಿನ ಬಾವಿ ದಾಟುವಾಗ… ಕಿರ್ರ್… ಕಿರ್ರ್… ರಾಟೆಯ ಸದ್ದು. ಆಮೇಲೆ ತುಂಬಿದ ಬಕೆಟ್ಟು ಕಲ್ಲಿನ ಮೇಲೆ ಠಣ್ ಅಂತ ಕೂತಿತು.

ಬಾವಿಯ ಹತ್ತಿರ ಯಾರೂ ಇಲ್ಲ. ಚರ್ಚಿನ ಬಾಗಿಲು ಮಾತ್ರ ತೆರೆದಿತ್ತು.

ಬಾಗಿಲಲ್ಲಿ ನಿಂತು ಇಣುಕಿದ. ಕತ್ತಲು. ಬಟ್ಟೆ ಹಿಂಡಿದ ಸದ್ದು, ತೊಟ ತೊಟ… ಆಮೇಲೆ ಮರದ ಮೇಲೆ ಸರ್ರ್… ಸರ್ರ್…

ಬೆಂಚು ಒರೆಸುವ ಅಜ್ಜಿ! ನಲವತ್ತು ವರ್ಷದಿಂದ ಪ್ರತಿ ಶನಿವಾರ ಅವಳದೇ ಕೆಲಸ. ಹನ್ನೆರಡು ಬೆಂಚಿಗೆ ಮೂರು ಗಂಟೆ ಯಾಕಮ್ಮ ಬೇಕು ಅಂತ ಎಲ್ಲರೂ ನಗುತ್ತಿದ್ದರು. ಇವನೂ ನಕ್ಕವನೇ.

ಈಗ ಕೇಳಿಸಿತು. ಒಂದೊಂದು ಜಾಗ ಒರೆಸುವಾಗಲೂ ಅಲ್ಲಿ ಕೂರುವವರ ಹೆಸರು ಹಿಡಿದು ಪಿಸುಗುಡುತ್ತಿದ್ದಳು. ಒಬ್ಬರ ಮಂಡಿನೋವು. ಒಬ್ಬರ ಕುಡಿತ. ಇನ್ನೊಬ್ಬರ ಮನೆ ಬಿಟ್ಟುಹೋದ ಮಗ. ಯಾರನ್ನೂ ಬಿಡಲಿಲ್ಲ…

ಆಗ ನೆನಪಾಯಿತು ಅವನಿಗೆ. ಅಜ್ಜಿಯನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಕೋಟು ಹೊಲಿಯುವ ಅರ್ಜೆಂಟು ಅಂತ ಇವನು ಹೋಗಿರಲಿಲ್ಲ.

ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತ.

ಅವಳು ಅವನ ಹೆಂಡತಿಯ ಜಾಗಕ್ಕೆ ಬಂದಳು. ಹೆಸರು ಹೇಳಿದಳು. ಬಟ್ಟೆ ನಿಂತಿತು.

‘ಅಜ್ಜೀ… ಉಳೀತಾಳಾ?’

‘ಕೇಳೋದಷ್ಟೇ ಕಣಪ್ಪಾ ನನ್ನ ಕೆಲಸ. ಕೊಡೋದು ಸ್ವಾಮಿಗೆ ಬಿಟ್ಟಿದ್ದು.’

‘ಇನ್ಮೇಲೆ ನಾನು ಒರೆಸ್ತೀನಿ. ನೀವು ಹೋಗಿ ಮಲಕ್ಕೊಳ್ಳಿ.’

‘ಒರೆಸೋದಕ್ಕೇನು… ಯಾರಾದ್ರೂ ಒರೆಸ್ತಾರೆ. ನಿನ್ನ ಮುಂದಿನ ಬೆಂಚಲ್ಲಿ ಕೂರ್ತಾನಲ್ಲ, ಅವನ ಹೆಸರೇನು?’

ಇಪ್ಪತ್ತು ವರ್ಷ ಆ ಬೆನ್ನು ನೋಡಿದ್ದ. ಅಂಗಿಯ ಅಳತೆ ಕಣ್ಣುಮುಚ್ಚಿ ಹೇಳಬಲ್ಲ. ಹೆಸರು ಗೊತ್ತಿರಲಿಲ್ಲ.

ಅಜ್ಜಿ ಮುಂದಿನ ಜಾಗಕ್ಕೆ ಹೋದಳು. ಸರ್ರ್… ಸರ್ರ್…

ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆಂಡತಿ ಕಣ್ಣು ಬಿಟ್ಟಳು. ನೀರು ಕೇಳಿದಳು. ಅವಳಿಗೆ ಕುಡಿಸಿ, ಇವನು ಅಳುತ್ತಲೇ ಚರ್ಚಿಗೆ ಓಡಿದ. ಬೆಂಚುಗಳೆಲ್ಲ ಇನ್ನೂ ಒದ್ದೆ. ಕಂಬದ ಪಕ್ಕದ ಒಂದು ಜಾಗದಲ್ಲಿ ಮಾತ್ರ ಬೆರಳು ದಪ್ಪ ಧೂಳು. ವರ್ಷಗಟ್ಟಲೆ ಯಾರೂ ಮುಟ್ಟದಂಥ ಧೂಳು. ಅಜ್ಜಿ ಕೂರುತ್ತಿದ್ದ ಜಾಗ ಅದು.

ಬಟ್ಟೆ ನೆನೆಸಿ ಮಂಡಿಯೂರಿದ. ಹೆಸರು ಹೇಳಬೇಕಲ್ಲ… ಫಾದರನ್ನು ಹೋಗಿ ಕೇಳಿದ.

‘ಹೆಸರಾ? ಎಲ್ರೂ ಅಜ್ಜಿ ಅಂತಿದ್ವಲ್ಲಪ್ಪಾ…’ ಅಂದರು ಫಾದರ್. ರಿಜಿಸ್ಟರು ತಿರುವಿದರು, ಸಿಗಲಿಲ್ಲ. ಸಮಾಧಿಯ ಶಿಲುಬೆಯ ಮೇಲೂ ‘ಅಜ್ಜಿ’ ಅಂತಲೇ ಬರೆದಿದ್ದರು.

ಈಗ ಪ್ರತಿ ಶನಿವಾರ ಅವನೇ ಒರೆಸುತ್ತಾನೆ. ಉಳಿದವರ ಹೆಸರೆಲ್ಲ ಕಲಿತಿದ್ದಾನೆ. ಕಂಬದ ಪಕ್ಕದ ಜಾಗವನ್ನು ಎರಡೆರಡು ಸಲ ತಿಕ್ಕುತ್ತಾನೆ, ಪಾಪ. ಭಾನುವಾರ ಬೆಳಗ್ಗೆ ನೋಡಿದರೆ ಮತ್ತೆ ಅಷ್ಟೇ ಧೂಳು.

ನಂಬದಿದ್ದರೆ ಬಿಡಿ. ನಾನೇ ಬೆರಳಿಟ್ಟು ನೋಡಿದ್ದೇನೆ.