ಕೊಡೆ ಊರಿಕೊಂಡು ಬಂದವರು

ಜೋರಾಗಿ ಹೇಳುವ ವಿಷಯ ಅಲ್ಲ ಇದು, ಸ್ವಲ್ಪ ಹತ್ತಿರ ಬನ್ನಿ... ನಮ್ಮ ಪಕ್ಕದ ಮನೆಯ ಶಾಹಿದಾ ಇದ್ದಾಳಲ್ಲ, ಅವಳ ಮನೆಗೆ ಬರುವ ದಾರಿಯಲ್ಲೇ ಆದದ್ದು. ಹೋದ ವರ್ಷ, ಮಳೆ ಹಿಡಿಯುವ ಮೊದಲು. ನಗುವವರು ಈಗಲೇ ಎದ್ದು ಹೋಗಿ ಮಾರಾಯ್ರೆ, ನನಗೆ ಆಮೇಲೆ ಸಿಟ್ಟು ಬರ್ತದೆ.

ಮಡಂತ್ಯಾರಿನಿಂದ ಒಳಗೆ, ಹಳ್ಳ ದಾಟುವ ಸಂಕದ ಆಚೆ ಒಂದು ಸಣ್ಣ ಕಾನ್ವೆಂಟ್ ಉಂಟು. ಅಲ್ಲಿಯ ಸಿಸ್ಟರ್‌ಗಳು ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣು ತೊಳೆದು, ಮದ್ದು ಹಾಕಿ ಬರ್ತಾರೆ. ಜಾತಿ ಮತ ಕೇಳುವವರಲ್ಲ. ನಿಯಮ ಒಂದೇ, ಯಾವಾಗಲೂ ಇಬ್ಬರು ಹೋಗಬೇಕು. ಒಬ್ಬರೇ ಹೋಗಬಾರದು.

ಆರು ವರ್ಷ ಹಾಗೆ ಒಟ್ಟಿಗೆ ನಡೆದವರು ದೊಡ್ಡ ಸಿಸ್ಟರ್ ಎಮರೆನ್ಸಿಯಾ, ಸಣ್ಣ ಸಿಸ್ಟರ್ ಜೆಸಿಂತಾ. ದೊಡ್ಡವರಿಗೆ ಮೊಣಕಾಲು ನೋವು. ಕಬ್ಬಿಣದ ತುದಿಯ ಕರಿ ಕೊಡೆ ಊರಿಕೊಂಡು ಬರುವುದು. ಸಂಕದ ಮೇಲೆ ಟಕ್... ಹಸಿ ಮಣ್ಣಿನಲ್ಲಿ ಚುಳಕ್... ಅದರ ಹಿಂದೆಯೇ ಚಪ್ಪಲಿ ಎಳೆಯುವ ಸರ್ರ್... ದಾರಿಯುದ್ದಕ್ಕೂ ಜಪಸರದ ಪ್ರಾರ್ಥನೆ. ಅರ್ಧ ಸಣ್ಣವರು ಹೇಳಿ ನಿಲ್ಲಿಸಬೇಕು, ಉಳಿದ ಅರ್ಧ ದೊಡ್ಡವರು.

ಒಂದು ಸಂಜೆ ಜೆಸಿಂತಾಗೆ ಅವಸರ. ಶಾಹಿದಾಳ ಅತ್ತೆ ಐಸಮ್ಮನಿಗೆ ಮದ್ದು ಹಾಕಿ ಮಹಿಳೆಯರ ಸಂಘದ ಸಭೆಗೆ ಓಡಬೇಕಿತ್ತು. "ನಿಮ್ಮ ಜೊತೆ ನಡೆದರೆ ನಾಳೆ ತಲುಪುವುದು. ನೀವು ಮೆಲ್ಲ ಬನ್ನಿ, ನಾನು ಮುಂದೆ ಹೋಗ್ತೇನೆ" ಅಂದುಬಿಟ್ಟರು. ವಾಪಸು ಬರುವಾಗ ದೊಡ್ಡವರು ದಾರಿ ಬದಿಯ ಹಾಳು ಬಾವಿಯ ಕಟ್ಟೆಗೆ ಒರಗಿ ಕುಳಿತಿದ್ದರು. ಕೊಡೆ ಮಡಿಲಲ್ಲಿ. ಜೀವ ಇರಲಿಲ್ಲ.

ಹಾರ್ಟು, ಪಕ್ಕದಲ್ಲಿ ಯಾರಿದ್ದರೂ ಉಳಿಸ್ಲಿಕ್ಕೆ ಆಗ್ತಿರಲಿಲ್ಲ ಅಂದರು ಡಾಕ್ಟರು. ಆ ಕೊಡೆಯನ್ನೂ ಪೆಟ್ಟಿಗೆಯಲ್ಲಿ ಅವರೊಟ್ಟಿಗೇ ಇಟ್ಟು ಮಣ್ಣು ಮಾಡಿದರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ... ಜೆಸಿಂತಾ ತಮ್ಮ ಮಾತನ್ನೇ ನೆನೆದು ಕೊರಗಿದರು. ನನ್ನ ಮೇಲೆ ಸಿಟ್ಟಿನಲ್ಲೇ ಹೋದರಾ? ಅದೊಂದು ಗೊತ್ತಾದರೆ ಸಾಕಿತ್ತು ಅವರಿಗೆ. ಎರಡು ತಿಂಗಳು ಬಾವಿಯ ದಾರಿಗೆ ಕಾಲಿಡಲಿಲ್ಲ. ಐಸಮ್ಮನ ಮನೆಗೆ ಬೇರೆ ಸಿಸ್ಟರ್‌ಗಳೇ ಹೋದರು.

ಹಾಗಿರುವಾಗ ಒಂದು ರಾತ್ರಿ ಶಾಹಿದಾಳ ಫೋನ್.

"ಸಿಸ್ಟರ್, ಮಾಮಿಯ ಮೂತ್ರದ ಪೈಪ್ ಬ್ಲಾಕ್ ಆಗಿದೆ. ಹೊಟ್ಟೆ ಕಲ್ಲಿನ ಹಾಗೆ ಉಂಟು. ಬೊಬ್ಬೆ ಹಾಕ್ತಾ ಇದ್ದಾರೆ..."

ಶಾಹಿದಾಳ ಗಂಡ ನವಾಝ್ ಗಲ್ಫಿನಲ್ಲಿ. ಸಂಕದ ಮೇಲೆ ವಾಹನ ಹೋಗುವುದಿಲ್ಲ. ಉಳಿದ ಸಿಸ್ಟರ್‌ಗಳು ತರಬೇತಿಗೆಂದು ಮೂಡುಬಿದಿರೆಯಲ್ಲಿ, ಕಾನ್ವೆಂಟಿನ ಮದರ್‌ಗೆ ಜ್ವರ. ಜೆಸಿಂತಾ ಚೀಲ ಹೆಗಲಿಗೆ ಹಾಕಿ ಒಬ್ಬರೇ ಹೊರಟರು.

ಸಂಜೆ ಒಂದು ಮಳೆ ಹೊಡೆದು ನಿಂತಿತ್ತು. ಕೆಂಪು ಮಣ್ಣು ಮೆತ್ತಗೆ. ಬಾವಿ ಬಂತು... ಆ ಕಡೆ ನೋಡಲಿಲ್ಲ. ದಾಟಿದರು. ಹತ್ತು ಹೆಜ್ಜೆ ಹೋಗಿರಬೇಕು.

ಚುಳಕ್... ಸರ್ರ್... ಚುಳಕ್...

ಜೆಸಿಂತಾ ನಿಂತರು. ಹಿಂದಿನ ಸದ್ದೂ ನಿಂತಿತು. ತಿರುಗಿ ಟಾರ್ಚ್ ಬಿಟ್ಟರೆ ಬರೀ ದಾರಿ. ಬಿದ್ದೆನೋ ಎದ್ದೆನೋ ಅಂತ ಓಡಿದರು. ಸದ್ದು ಮಾತ್ರ ಓಡಲಿಲ್ಲ. ತನ್ನಷ್ಟಕ್ಕೆ, ಅದೇ ನಿಧಾನದಲ್ಲಿ... ಆದರೆ ದೂರ ಆಗಲೂ ಇಲ್ಲ.

"ಒಬ್ಬರೇ ಬಂದ್ರಾ ಸಿಸ್ಟರ್?" ಅಂತ ಬಾಗಿಲು ತೆಗೆದಳು ಶಾಹಿದಾ. ಜೆಸಿಂತಾ ಚಪ್ಪಲಿ ಕಳಚಿ ನೇರ ಐಸಮ್ಮನ ಮಂಚದ ಹತ್ತಿರ ಹೋದರು.

ಐಸಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದೆ. ಜೆಸಿಂತಾ ಹಳೇ ಪೈಪ್ ತೆಗೆದು ಹೊಸತು ಹಾಕಿದರು. ಮೂತ್ರ ಪೈಪಿನ ಚೀಲಕ್ಕೆ ಸೊಯ್ಯೆಂದು ಇಳಿಯಿತು. ಮುದುಕಿಯ ಉಸಿರು ತಾಳಕ್ಕೆ ಬಂತು.

"ಮೋಳೆ, ಮಗಳೇ... ದೊಡ್ಡ ಸಿಸ್ಟರಿಗೆ ಒಂದು ಕುರ್ಚಿ ಕೊಡು. ಪಾಪ, ಅಂಗಳದಲ್ಲೇ ನಿಂತಿದ್ದಾರೆ."

ಶಾಹಿದಾ ತಟ್ಟನೆ ಬಾಗಿಲ ಕಡೆ ತಿರುಗಿದಳು. ದೊಡ್ಡ ಸಿಸ್ಟರ್ ತೀರಿಕೊಂಡದ್ದನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ! ಕಾಲು ನೋವು, ವಿಶ್ರಾಂತಿಯಲ್ಲಿದ್ದಾರೆ ಅಂತಲೇ ಸುಳ್ಳು ಹೇಳಿಕೊಂಡು ಬಂದಿದ್ದರು.

ಜೆಸಿಂತಾ ಬಗ್ಗಿ ಪಿಸುಗುಟ್ಟಿದರು. "ಐಸಮ್ಮ... ಅವರು ಸಿಟ್ಟಲ್ಲಿದ್ದಾರಾ?"

"ಸಿಟ್ಟು ಎಂತದ್ದು? ಕಾಲು ನೋವಲ್ವಾ ಅವರಿಗೆ. ನೀವು ಸ್ವಲ್ಪ ಮೆಲ್ಲ ನಡೀಬೇಕು ಸಿಸ್ಟರ್."

ಜೆಸಿಂತಾ ಮಂಚದ ಕಾಲು ಹಿಡಿದು ಅತ್ತುಬಿಟ್ಟರು. ಶಾಹಿದಾ ದಾರಿವರೆಗೆ ಬರ್ತೇನೆ ಅಂದರೂ ಬೇಡ ಅಂದರು. ಅಂಗಳಕ್ಕೆ ಇಳಿದರು. ಭಯ ಹೋಗಿರಲಿಲ್ಲ. ಆದರೂ ಕತ್ತಲೆಗೆ ಹೇಳಿದರಂತೆ, "ಬನ್ನಿ, ಹೋಗುವ ಸಿಸ್ಟರ್."

ಒಂದು ಹೆಜ್ಜೆ. ಕಾಯುವುದು. ಚುಳಕ್... ಸರ್ರ್... ಇನ್ನೊಂದು ಹೆಜ್ಜೆ. ಜಪದ ಅರ್ಧ ಹೇಳಿ ನಿಲ್ಲಿಸುವುದು. ಉಳಿದ ಅರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೌನ... ಮತ್ತೆ ಶುರು. ಕಾಲು ಗಂಟೆಯ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹಿಂದೆ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಡೈರಿಗೆ ಹಾಲು ಕೊಂಡುಹೋಗುತ್ತಿದ್ದ ನೋಣಯ್ಯ ದಾರಿಯಲ್ಲೇ ಕ್ಯಾನ್ ಇಳಿಸಿ ನಮ್ಮನ್ನೆಲ್ಲ ಕರೆದ. ಕೆಸರಿನಲ್ಲಿ ಒಬ್ಬರದ್ದೇ ಚಪ್ಪಲಿಯ ಅಚ್ಚು, ಹೋದದ್ದು, ಬಂದದ್ದು. ಜೊತೆಗೆ ಸಣ್ಣ ಸಣ್ಣ ದುಂಡಗಿನ ತೂತು. ಹೋಗುವಾಗಿನ ತೂತುಗಳು ಬಾವಿಯ ಹತ್ತಿರ ಶುರುವಾಗಿ ಜೆಸಿಂತಾರ ಅಚ್ಚಿನ ಮೇಲೆಯೇ ಬಿದ್ದಿದ್ದವು. ಬರುವಾಗಿನವು ಪಕ್ಕದಲ್ಲಿ, ಒಂದು ಗೇಣು ಬಿಟ್ಟು, ಹೆಜ್ಜೆಗೊಂದು. ಬಾವಿಯ ಹತ್ತಿರ ನಿಂತಿರಲಿಲ್ಲ. ಕಾನ್ವೆಂಟಿನ ಗೇಟಿನವರೆಗೂ ಇದ್ದವು.

ಸುಳ್ಳಲ್ಲ. ನಾನೇ ಕುಕ್ಕರಗಾಲಲ್ಲಿ ಕುಳಿತು ಒಂದು ತೂತಿಗೆ ಬೆರಳು ಹಾಕಿ ನೋಡಿದ್ದೇನೆ. ಎರಡು ಗೆಣ್ಣು ಒಳಗೆ ಹೋಯಿತು.